ಕಡಲಾಮೆ ಎಲ್ಲಿ ಸಾಯುತ್ತದೆ, ಏಕೆ ಸಾಯುತ್ತದೆ

(ಕರಾವಳಿಯ ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಮಕ್ಕಳೇ, ಚಳಿಗಾಲ ಮುಗಿಯುವ ಹೊತ್ತಿಗೆ ನಮ್ಮ ಕರಾವಳಿಯ ಪತ್ರಿಕೆಗಳಲ್ಲಿ ಒಂದು ಫೋಟೊ ತಪ್ಪದೆ ಬರುತ್ತದೆ. ಅಂಗೈಯೊಳಗೆ ಹಿಡಿಯುವಷ್ಟು ಚಿಕ್ಕ ಕಡಲಾಮೆ ಮರಿಗಳು ಮರಳ ಮೇಲೆ ತೆವಳುತ್ತ ನೀರಿನ ಕಡೆ ಹೊರಟಿರುತ್ತವೆ. ಹಿಂದೆ ಅರಣ್ಯ ಇಲಾಖೆಯವರು, ಊರಿನವರು, ಕೆಲವೊಮ್ಮೆ ನಿಮ್ಮಂಥ ವಿದ್ಯಾರ್ಥಿಗಳು ಸಾಲಾಗಿ ನಿಂತಿರುತ್ತಾರೆ. ಅದು ಒಳ್ಳೆಯ ಕೆಲಸವೇ, ಮುಂದುವರಿಯಬೇಕು. ಆದರೆ ಆ ಫೋಟೊ ಒಂದನ್ನೇ ನೋಡಿದವರಿಗೆ ಕಡಲಾಮೆಯ ಕಷ್ಟವೆಲ್ಲ ದಂಡೆಯ ಮೇಲಿದೆ, ಮರಿ ನೀರಿಗಿಳಿದರೆ ಗೆದ್ದಂತೆ ಎನ್ನಿಸಿಬಿಡುತ್ತದೆ. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ ಮಾತು: ಮೊಟ್ಟೆ, ಮರಿಗಳನ್ನು ಎಷ್ಟೇ ಕಾದರೂ, ಬೆಳೆದು ದೊಡ್ಡದಾದ ಆಮೆ ಸಮುದ್ರದಲ್ಲಿ ಸಾಯುವುದು ನಿಲ್ಲದಿದ್ದರೆ ಲೆಕ್ಕ ಕೂಡುವುದಿಲ್ಲ. ಈ ಲೆಕ್ಕವನ್ನು ನೀವೇ ಹಾಕಿ ನೋಡುವಂತೆ ವಿವರಿಸುತ್ತೇನೆ.

ಪ್ರಪಂಚದಲ್ಲಿ ಏಳು ಜಾತಿಯ ಕಡಲಾಮೆಗಳಿವೆ. ಅವುಗಳಲ್ಲಿ ಐದು ಭಾರತದ ಸಮುದ್ರದಲ್ಲಿ ಸಿಗುತ್ತವೆ: ಆಲಿವ್ ರಿಡ್ಲೆ, ಹಸಿರು ಕಡಲಾಮೆ, ಹಾಕ್ಸ್‌ಬಿಲ್, ಲೆದರ್‌ಬ್ಯಾಕ್, ಲಾಗರ್‌ಹೆಡ್. ಕರ್ನಾಟಕದ ದಂಡೆಗೆ ಮೊಟ್ಟೆ ಇಡಲು ಬರುವುದು ಹೆಚ್ಚುಕಡಿಮೆ ಆಲಿವ್ ರಿಡ್ಲೆ ಮಾತ್ರ. ಚಿಪ್ಪಿನ ಉದ್ದ 60ರಿಂದ 70 ಸೆಂ.ಮೀ., ತೂಕ 35ರಿಂದ 45 ಕಿಲೋ. ಏಡಿ, ಸಿಗಡಿ, ಲೋಳೆಮೀನು ಅಂದರೆ ಜೆಲ್ಲಿಫಿಶ್, ಇವೆಲ್ಲ ಇದರ ಆಹಾರ. ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡು ಟೊಂಕ, ಕುಂದಾಪುರದ ಕೋಡಿ, ಮಂಗಳೂರಿನ ಸಸಿಹಿತ್ಲು ಕಡೆಗಳಲ್ಲಿ ಗೂಡುಗಳು ಸಿಕ್ಕಿವೆ. ನಮ್ಮಲ್ಲಿ ಇವು ಒಂದೊಂದಾಗಿ ಬರುತ್ತವೆ. ಒಡಿಶಾದ ಗಹಿರ್‌ಮಠ ಮತ್ತು ಋಷಿಕುಲ್ಯ ಅಳಿವೆಯ (ಹೊಳೆ ಸಮುದ್ರ ಸೇರುವ ಜಾಗದ) ಬಳಿ ಮಾತ್ರ ಲಕ್ಷಗಟ್ಟಲೆ ಆಮೆಗಳು ಕೆಲವೇ ದಿನಗಳೊಳಗೆ ಒಟ್ಟಿಗೆ ಬಂದು ಮೊಟ್ಟೆ ಇಡುತ್ತವೆ. 2025ರ ಫೆಬ್ರವರಿಯಲ್ಲಿ ಋಷಿಕುಲ್ಯ ಒಂದರಲ್ಲೇ ಸುಮಾರು ಏಳು ಲಕ್ಷ ಆಮೆಗಳು ಬಂದಿದ್ದವು.

ಒಡಿಶಾದ ಆಮೆ ಬೇರೆ, ನಮ್ಮ ಆಮೆ ಬೇರೆ ಎಂದು ಬಹಳ ಕಾಲ ಅಂದುಕೊಂಡಿದ್ದರು. 2021ರ ಮಾರ್ಚ್‌ನಲ್ಲಿ ಒಡಿಶಾದಲ್ಲಿ ಒಂದು ಹೆಣ್ಣಾಮೆಯ ಕಾಲಿಗೆ 03233 ಎಂಬ ಸಂಖ್ಯೆಯ ಲೋಹದ ಬಿಲ್ಲೆ ಹಾಕಿ ಬಿಟ್ಟಿದ್ದರು. ಅದೇ ಆಮೆ 2025ರ ಜನವರಿಯಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗುಹಾಗರ್ ದಂಡೆಗೆ ಬಂದು ಮೊಟ್ಟೆ ಇಟ್ಟಿತು. ಸಮುದ್ರದ ದಾರಿಯಲ್ಲಿ ಇದು ಸುಮಾರು 3,500 ಕಿ.ಮೀ. ಬಂಗಾಳ ಕೊಲ್ಲಿಯಿಂದ ಅಲ್ಲಿಗೆ ಹೋಗಬೇಕಾದರೆ ಕೇರಳ, ಕರ್ನಾಟಕ, ಗೋವಾ ದಾಟಿಯೇ ಹೋಗಬೇಕು. ಅದಕ್ಕೂ ಮೊದಲು, 2023ರಲ್ಲಿ, ಗುಹಾಗರ್‌ನಲ್ಲಿ ಉಪಗ್ರಹ ಸಾಧನ ಅಂಟಿಸಿ ಬಿಟ್ಟ ‘ಬಾಗೇಶ್ರೀ’ ಎಂಬ ಆಮೆ ನಮ್ಮ ಕರಾವಳಿಯ ಉದ್ದಕ್ಕೂ ದಕ್ಷಿಣಕ್ಕೆ ಈಜಿ, ಶ್ರೀಲಂಕಾ ಸುತ್ತಿ ಬಂಗಾಳ ಕೊಲ್ಲಿ ಸೇರಿತ್ತು. ಹಾಗಾಗಿ ಮಲ್ಪೆಯ ಬೋಟಿನ ಬಲೆಗೆ ಬಿದ್ದ ಆಮೆ ಎಲ್ಲಿ ಹುಟ್ಟಿದ್ದು, ಮುಂದೆ ಎಲ್ಲಿ ಮೊಟ್ಟೆ ಇಡಬೇಕಿತ್ತು ಎಂದು ಹೇಳಲು ಬರುವುದಿಲ್ಲ. ಒಂದು ರಾಜ್ಯ ಕಾದದ್ದನ್ನು ಇನ್ನೊಂದು ರಾಜ್ಯ ಕಳೆಯಬಹುದು.

ಈಗ ಗೂಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಹೆಣ್ಣಾಮೆ ಹೆಚ್ಚಾಗಿ ರಾತ್ರಿ ಹೊತ್ತು ದಂಡೆ ಹತ್ತುತ್ತದೆ. ಉಬ್ಬರದ ನೀರು ಮುಟ್ಟುವ ಗೆರೆ ದಾಟಿ, ಒಣ ಮರಳು ಸಿಗುವವರೆಗೂ ತೆವಳುತ್ತದೆ. ಮುಂಗಾಲುಗಳಿಂದ ಮೇಲಿನ ಸಡಿಲ ಮರಳನ್ನು ತಳ್ಳಿ ಮೈ ಕೂರಿಸಿಕೊಳ್ಳುತ್ತದೆ. ಗುಂಡಿ ತೋಡುವುದು ಮಾತ್ರ ಹಿಂಗಾಲುಗಳಿಂದ. ಒಂದು ಹಿಂಗಾಲನ್ನು ಬಟ್ಟಲಿನಾಕಾರಕ್ಕೆ ಬಾಗಿಸಿ ಮರಳನ್ನು ಮೊಗೆದು ಪಕ್ಕಕ್ಕಿಡುತ್ತದೆ. ತಕ್ಷಣ ಇನ್ನೊಂದು ಕಾಲು ತನ್ನ ಬದಿಯ ಮರಳನ್ನು ಎರಚಿ, ತಾನು ಗುಂಡಿಗಿಳಿಯುತ್ತದೆ. ಎಡ, ಬಲ, ಎಡ, ಬಲ. ಹಿಂದಕ್ಕೆ ಒಮ್ಮೆಯೂ ತಿರುಗಿ ನೋಡುವುದಿಲ್ಲ. ಆದರೂ 40ರಿಂದ 50 ಸೆಂ.ಮೀ. ಆಳದ ಗುಂಡಿ ಕತ್ತು ಸಣ್ಣ, ಹೊಟ್ಟೆ ಅಗಲದ ಹೂಜಿಯ ಆಕಾರಕ್ಕೆ ಬರುತ್ತದೆ. ಅದರೊಳಗೆ 100ರಿಂದ 120 ಮೊಟ್ಟೆ. ಮೊಟ್ಟೆ ಉರುಟು, ಅಡ್ಡಳತೆ ಸುಮಾರು 4 ಸೆಂ.ಮೀ., ಸಿಪ್ಪೆ ತೊಗಲಿನ ಹಾಗೆ ಮೆತ್ತಗಿರುವುದರಿಂದ ಬಿದ್ದರೂ ಒಡೆಯುವುದಿಲ್ಲ. ಮರಳು ಮುಚ್ಚಿದ ಮೇಲೆ ರಿಡ್ಲೆ ತನ್ನ ಮೈಯನ್ನೇ ಎಡಕ್ಕೂ ಬಲಕ್ಕೂ ಎತ್ತಿ ಕುಕ್ಕಿ ಗೂಡಿನ ಬಾಯನ್ನು ಗಟ್ಟಿ ಮಾಡುತ್ತದೆ. ಇದಕ್ಕೆಲ್ಲ ಒಂದು ಗಂಟೆ ಸಾಕು. ಆ ಹೊತ್ತಿನಲ್ಲಿ ಅದರ ಕಣ್ಣಿಂದ ನೀರು ಸುರಿಯುವುದನ್ನು ನೋಡಿ ನೋವಿಗೆ ಅಳುತ್ತಿದೆ ಎನ್ನುವವರಿದ್ದಾರೆ. ಅದು ಮೈಯಲ್ಲಿ ಹೆಚ್ಚಾದ ಉಪ್ಪನ್ನು ಹೊರಹಾಕುವ ಗ್ರಂಥಿಯ ಕೆಲಸ, ಸಮುದ್ರದೊಳಗೂ ನಡೆಯುತ್ತಲೇ ಇರುತ್ತದೆ.

45ರಿಂದ 60 ದಿನಗಳಲ್ಲಿ ಮರಿ ಮೊಟ್ಟೆಯೊಡೆಯುತ್ತದೆ. ಮರಳೊಳಗಿಂದ ಒಂಟಿಯಾಗಿ ಮೇಲೆ ಬರುವುದು ಕಷ್ಟ. ಹತ್ತಾರು ಮರಿಗಳು ಒಟ್ಟಿಗೆ ಕೈಕಾಲು ಆಡಿಸಿದಾಗ ಮೇಲಿನ ಮರಳು ಕೆಳಗುದುರಿ, ಅವು ನಿಂತ ನೆಲವೇ ಮೇಲೇರುತ್ತದೆ. ಮೇಲಿನ ಮರಳು ಬಿಸಿ ಇದ್ದರೆ ಅಲ್ಲೇ ಸುಮ್ಮನಾಗುತ್ತವೆ, ತಂಪಾದ ಮೇಲೆ ಹೊರಡುತ್ತವೆ. ಹಾಗಾಗಿಯೇ ಹೊರಬರುವುದು ಬಹುತೇಕ ರಾತ್ರಿ. ಒಂದೊಂದು ಮರಿಯ ತೂಕ 20 ಗ್ರಾಂ ಕೂಡ ಇಲ್ಲ.

ಇಲ್ಲಿಂದ ಲೆಕ್ಕ. ಸಾವಿರ ಮರಿಗಳಲ್ಲಿ ಒಂದು ಬೆಳೆದು ದೊಡ್ಡದಾಗುತ್ತದೆ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಹೆಚ್ಚುಕಡಿಮೆ ಇರಬಹುದು, ಆದರೆ ಲೆಕ್ಕಕ್ಕೆ ಅದನ್ನೇ ಇಟ್ಟುಕೊಳ್ಳೋಣ. ಏಡಿ, ಕಾಗೆ, ಹದ್ದು, ನಾಯಿ, ನೀರಿಗಿಳಿದ ಮೇಲೆ ಮೀನು, ಎಲ್ಲರೂ ಮರಿಗಳನ್ನು ತಿನ್ನುತ್ತಾರೆ. ಇದು ಅನಾದಿಯಿಂದ ಹೀಗೇ ಇದೆ, ಆಮೆ ನೂರಾರು ಮೊಟ್ಟೆ ಇಡುವುದೂ ಇದಕ್ಕೇ. ಒಂದು ಗೂಡಿಗೆ ನೂರು ಮರಿ ಎಂದರೆ ಸಾವಿರ ಮರಿಗೆ ಹತ್ತು ಗೂಡು. ಅಂದರೆ ಹತ್ತು ಗೂಡುಗಳನ್ನು ಎರಡು ತಿಂಗಳು ಹಗಲೂ ರಾತ್ರಿ ಕಾದು, ಒಂದು ಮೊಟ್ಟೆಯೂ ಹಾಳಾಗದಂತೆ ಮರಿ ಮಾಡಿಸಿ, ಹತ್ತು-ಹದಿನೈದು ವರ್ಷ ಕಾಯ್ದರೆ ಒಂದು ಬೆಳೆದ ಆಮೆ. ಅದು ಒಂದು ಮಧ್ಯಾಹ್ನ ಬೋಟು ಎಳೆಯುವ ಟ್ರಾಲ್ ಬಲೆಯಲ್ಲಿ ಉಸಿರುಗಟ್ಟಿ ಸತ್ತರೆ ಹತ್ತು ಗೂಡುಗಳ ಕೆಲಸ ಅಷ್ಟಕ್ಕೇ ಮುಗಿಯಿತು. ಬದುಕಿದ್ದರೆ ಮುಂದೆ ಎಷ್ಟೋ ವರ್ಷ ಇಡಬಹುದಾಗಿದ್ದ ಮೊಟ್ಟೆಗಳು ಬೇರೆ.

ಈ ಯೋಚನೆಯನ್ನು ಗಣಿತದಲ್ಲಿ ಗಟ್ಟಿಯಾಗಿ ತೋರಿಸಿದವರು ಅಮೆರಿಕದ ಡೆಬೊರಾ ಕ್ರೌಸ್, ಲ್ಯಾರಿ ಕ್ರೌಡರ್ ಮತ್ತು ಹಾಲ್ ಕ್ಯಾಸ್ವೆಲ್. 1987ರಲ್ಲಿ ಅವರು ಲಾಗರ್‌ಹೆಡ್ ಆಮೆಯ ಬದುಕನ್ನು ಹಂತಹಂತವಾಗಿ ಬಿಡಿಸಿ, ಯಾವ ಹಂತದ ಸಾವು ಕಡಿಮೆಯಾದರೆ ಸಂಖ್ಯೆ ಚೇತರಿಸುತ್ತದೆ ಎಂದು ಲೆಕ್ಕ ಹಾಕಿದರು. ದಂಡೆಯಲ್ಲಿ ಎಲ್ಲ ಮೊಟ್ಟೆಗಳನ್ನೂ ಉಳಿಸಿದರೂ ಇಳಿಮುಖ ನಿಲ್ಲುವುದಿಲ್ಲ, ಸಮುದ್ರದಲ್ಲಿರುವ ದೊಡ್ಡ ಮರಿ ಮತ್ತು ಬೆಳೆದ ಆಮೆಗಳ ಸಾವು ಕಡಿಮೆಯಾಗಬೇಕು ಎಂದು ಉತ್ತರ ಬಂತು. ಅಲ್ಲಿಯವರೆಗೆ ಹಣ, ಜನ ಎಲ್ಲ ದಂಡೆಯ ಕಡೆಗೇ ಹೋಗುತ್ತಿತ್ತು. ಲಾಗರ್‌ಹೆಡ್ ಬೇರೆ ಜಾತಿ, ನಿಜ. ಆದರೆ ನಿಧಾನಕ್ಕೆ ಬೆಳೆದು, ಬಹಳ ವರ್ಷ ಬದುಕಿ, ಮತ್ತೆ ಮತ್ತೆ ಮೊಟ್ಟೆ ಇಡುವ ಪ್ರಾಣಿಗೆ ತರ್ಕ ಒಂದೇ.

ಬಲೆಯಲ್ಲಿ ಆಮೆ ಸಾಯುವುದು ಹೇಗೆ? ಆಮೆಗೆ ಮೀನಿನ ಹಾಗೆ ಕಿವಿರು ಇಲ್ಲ. ನಮ್ಮ ಹಾಗೆ ಶ್ವಾಸಕೋಶ. ನೀರೊಳಗೆ ಸುಮ್ಮನೆ ಮಲಗಿದ್ದರೆ ಒಂದು ಉಸಿರಿನಲ್ಲಿ ಬಹಳ ಹೊತ್ತು ಇರಬಲ್ಲದು. ಬಲೆಗೆ ಸಿಕ್ಕಿ ಒದ್ದಾಡಿದಾಗ ಅದೇ ಗಾಳಿ ಬೇಗ ಖರ್ಚಾಗುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ, ಪ್ರಜ್ಞೆ ತಪ್ಪುತ್ತದೆ. ಟ್ರಾಲ್ ಬಲೆ ಚೀಲದ ರೂಪದ್ದು, ಬೋಟು ಅದನ್ನು ಸಮುದ್ರತಳದಲ್ಲಿ ಎಳೆಯುತ್ತ ಹೋಗುತ್ತದೆ. ಒಂದು ಎಳೆತ ಎರಡು-ಮೂರು ಗಂಟೆ ನಡೆಯುವುದು ಸಾಮಾನ್ಯ. ಆರಂಭದ ಹತ್ತು ನಿಮಿಷಕ್ಕೇ ಆಮೆ ಬಲೆಯೊಳಗೆ ಹೋಗಿದ್ದರೆ ಬಲೆ ಮೇಲೆತ್ತುವ ಹೊತ್ತಿಗೆ ಅದು ಹೆಚ್ಚಾಗಿ ಸತ್ತೇ ಇರುತ್ತದೆ. ಸಿಗಡಿ ಇರುವಲ್ಲೇ ಆಮೆಯೂ ಮೇಯುತ್ತದೆ, ಅಳಿವೆಯ ಸುತ್ತಲಿನ ಆಳವಿಲ್ಲದ ನೀರಿನಲ್ಲಿ ಮೊಟ್ಟೆ ಇಡುವ ಕಾಲಕ್ಕೆ ಸೇರುತ್ತದೆ. ಬೋಟುಗಳೂ ಅಲ್ಲಿಗೇ ಬರುತ್ತವೆ. ಯಾರಿಗೂ ಆಮೆ ಬೇಕಿಲ್ಲ. ನಮ್ಮ ಮೀನುಗಾರರಲ್ಲಿ ಅನೇಕರು ಬಲೆಗೆ ಬಂದ ಆಮೆಗೆ ಕೈಮುಗಿದು ಬಿಡುವವರು. ತಪ್ಪು ಅವರ ಮನಸ್ಸಿನಲ್ಲಿಲ್ಲ, ಬಲೆಯ ರಚನೆಯಲ್ಲಿ ಮತ್ತು ಎಳೆಯುವ ಅವಧಿಯಲ್ಲಿದೆ.

2025ರ ಜನವರಿಯಲ್ಲಿ ಚೆನ್ನೈ ಮತ್ತು ಅದರ ಸುತ್ತಲಿನ ದಂಡೆಗಳಿಗೆ ಸಾವಿರಕ್ಕೂ ಹೆಚ್ಚು ರಿಡ್ಲೆ ಆಮೆಗಳ ಹೆಣಗಳು ಬಂದು ಬಿದ್ದವು. ನಮ್ಮ ಲೆಕ್ಕದಲ್ಲಿ ಗುಣಿಸಿ ನೋಡಿ: ಸಾವಿರ ಆಮೆಗೆ ಹತ್ತು ಸಾವಿರ ಗೂಡು. ಸಮುದ್ರದಲ್ಲಿ ಸತ್ತವೆಲ್ಲ ದಡಕ್ಕೆ ಬರುವುದಿಲ್ಲ ಎಂಬುದನ್ನೂ ನೆನಪಿಡಿ.

ಇದಕ್ಕೆ ಪರಿಹಾರ ಇದೆ, ಬಹಳ ಹಿಂದಿನಿಂದಲೂ ಇದೆ. ಟಿಇಡಿ (ಟರ್ಟಲ್ ಎಕ್ಸ್‌ಕ್ಲೂಡರ್ ಡಿವೈಸ್) ಎನ್ನುತ್ತಾರೆ, ಆಮೆಯನ್ನು ಹೊರಗೆ ಕಳಿಸುವ ಸಾಧನ. ಟ್ರಾಲ್ ಬಲೆಯ ಕುತ್ತಿಗೆಯ ಭಾಗದಲ್ಲಿ, ಮೀನು ತುಂಬುವ ಹಿಂದಿನ ಚೀಲಕ್ಕಿಂತ ಮುಂಚೆ, ಲೋಹದ ಒಂದು ಜಾಲರಿ ಚೌಕಟ್ಟನ್ನು ಓರೆಯಾಗಿ ಹೊಲಿಯುತ್ತಾರೆ. ಅಮೆರಿಕದ ನಿಯಮದಲ್ಲಿ ಸರಳುಗಳ ನಡುವಿನ ಅಂತರ 4 ಇಂಚು, ಅಂದರೆ 10 ಸೆಂ.ಮೀ. ಮೀರಬಾರದು. ಸಿಗಡಿ, ಸಣ್ಣ ಮೀನು ಆ ಸಂದಿಯಿಂದ ಹಿಂದಿನ ಚೀಲಕ್ಕೆ ಹೋಗುತ್ತವೆ. ಆಮೆ ಸರಳಿಗೆ ತಾಗಿ, ಓರೆಯ ಮೇಲೆ ಜಾರಿ, ಮೇಲೆ ಅಥವಾ ಕೆಳಗೆ ಬಿಟ್ಟಿರುವ ಕಿಂಡಿಯಿಂದ ಆಚೆ ಬೀಳುತ್ತದೆ. ಕಿಂಡಿಯ ಮೇಲೆ ಬಲೆಯದೇ ಒಂದು ಮುಚ್ಚಳ ಇರುತ್ತದೆ. ನೀರಿನ ಒತ್ತಡಕ್ಕೆ ಅದು ಮುಚ್ಚಿಕೊಂಡಿರುತ್ತದೆ, ಆಮೆ ತಳ್ಳಿದರೆ ತೆರೆಯುತ್ತದೆ. ನಮ್ಮಲ್ಲಿ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇಲ್ಲಿನ ಬೋಟುಗಳಿಗೆ ಹೊಂದುವ ಮಾದರಿಯನ್ನು ತಯಾರಿಸಿದೆ.

ಹಾಗಾದರೆ ಎಲ್ಲರೂ ಏಕೆ ಹಾಕಿಕೊಳ್ಳುತ್ತಿಲ್ಲ? ಇದನ್ನು ಮೀನುಗಾರರ ಕಡೆಯಿಂದಲೂ ನೋಡಬೇಕು. ಚೌಕಟ್ಟಿನ ಓರೆ 30ರಿಂದ 55 ಡಿಗ್ರಿಯೊಳಗೆ ಇರಬೇಕು. ತೀರಾ ನೆಟ್ಟಗೆ ನಿಂತರೆ ಆಮೆ ಜಾರುವುದಿಲ್ಲ, ಸರಳಿಗೆ ಒತ್ತಿಕೊಂಡೇ ಉಳಿಯುತ್ತದೆ. ತೀರಾ ಮಲಗಿದರೆ ಕಿಂಡಿಯ ಮುಚ್ಚಳ ಸರಿಯಾಗಿ ಕೂರದೆ ಮೀನು ಸೋರುತ್ತದೆ. ಬಲೆ ಹಳತಾಗಿ ಹಿಗ್ಗಿದಂತೆ ಈ ಕೋನ ಬದಲಾಗುತ್ತದೆ, ಆಗಾಗ ಅಳೆದು ಸರಿಪಡಿಸಬೇಕು. ಚೌಕಟ್ಟಿನ ಭಾರಕ್ಕೆ ತಕ್ಕಷ್ಟು ತೇಲುಬುಂಡೆ ಕಟ್ಟದಿದ್ದರೆ ಬಲೆ ತಿರುಚಿಕೊಳ್ಳುತ್ತದೆ. ಮಳೆಗಾಲದ ನಂತರ ಹೊಳೆಯಿಂದ ಬಂದ ಕೊಂಬೆ, ಪ್ಲಾಸ್ಟಿಕ್, ತೆಂಗಿನ ಗರಿ ಸರಳುಗಳಿಗೆ ಸಿಕ್ಕಿಕೊಂಡರೆ ಸಂದಿ ಮುಚ್ಚಿ, ಹಿಂದಿನಿಂದ ಬಂದ ಸಿಗಡಿಯೆಲ್ಲ ಕಿಂಡಿಯಿಂದ ಹೊರಗೆ. ಒಂದು ದಿನ ಹೀಗಾದರೆ ಬೋಟು ನಡೆಸುವ ತಾಂಡೇಲರು ಮರುದಿನ ಸಾಧನವನ್ನು ಬಿಚ್ಚಿಡುತ್ತಾರೆ. ಡೀಸೆಲ್ ಸಾಲ ತೀರಿಸಬೇಕಾದವರು ಅವರು. ಉಚಿತವಾಗಿ ಸಾಧನ ಕೊಟ್ಟು ಬಂದರೆ ಸಾಲದು. ಹೊಲಿಯುವುದು, ಕೋನ ಅಳೆಯುವುದು, ಕಸ ತೆಗೆಯುವುದನ್ನು ಬಂದರಿನಲ್ಲೇ ಕಲಿಸುವವರು ಬೇಕು. ಮಾರುಕಟ್ಟೆಯ ಒತ್ತಡವೂ ಇದೆ. ಟಿಇಡಿ ಬಳಕೆ ಸರಿಯಿಲ್ಲ ಎಂಬ ಕಾರಣಕ್ಕೆ 2019ರಿಂದ ಅಮೆರಿಕ ಭಾರತದ ಸಮುದ್ರದಲ್ಲಿ ಹಿಡಿದ ಸಿಗಡಿಯನ್ನು ಕೊಳ್ಳುವುದು ನಿಲ್ಲಿಸಿದೆ. ಕೆರೆಯಲ್ಲಿ ಸಾಕಿದ ಸಿಗಡಿಗೆ ಈ ತಡೆ ಇಲ್ಲ.

ಸಾಧನ ಇಲ್ಲದ ಬೋಟಿನಲ್ಲೂ ಮಾಡಬಹುದಾದದ್ದಿದೆ. ಎಳೆಯುವ ಅವಧಿಯನ್ನು ಒಂದು ಗಂಟೆಯೊಳಗೆ ಇಟ್ಟರೆ ಸಿಕ್ಕಿದ ಆಮೆ ಜೀವಂತ ಇರುವ ಸಾಧ್ಯತೆ ಬಹಳ ಹೆಚ್ಚು. ಇನ್ನೊಂದನ್ನು, ನಿಮ್ಮಲ್ಲಿ ಯಾರ ಅಪ್ಪ, ಚಿಕ್ಕಪ್ಪ, ಮಾವ ಬೋಟಿಗೆ ಹೋಗುತ್ತಾರೋ ಅವರಿಗೆ ಮನೆಯಲ್ಲಿ ಹೇಳಿ. ಬಲೆಯಲ್ಲಿ ಬಂದ ಆಮೆ ಅಲುಗಾಡದಿದ್ದರೂ ಸತ್ತಿದೆ ಎಂದು ತಿಳಿಯಬೇಡಿ. ಎಷ್ಟೋ ಸಲ ಪ್ರಜ್ಞೆ ತಪ್ಪಿರುತ್ತದೆ ಅಷ್ಟೆ. ಆ ಸ್ಥಿತಿಯಲ್ಲಿ ನೀರಿಗೆಸೆದರೆ ಮುಳುಗಿ ನಿಜವಾಗಿಯೂ ಸಾಯುತ್ತದೆ. ಹೊಟ್ಟೆ ಕೆಳಗಾಗಿಯೇ ಮಲಗಿಸಬೇಕು, ಬೆನ್ನಡಿ ಮಾಡಬಾರದು. ಹಿಂಭಾಗವನ್ನು ಕನಿಷ್ಠ 15 ಸೆಂ.ಮೀ. ಎತ್ತರಕ್ಕೆ ಏರಿಸಿ, ಹಳೆಯ ಟೈರು ಅಥವಾ ಬಲೆಯ ಕಟ್ಟಿನ ಮೇಲೆ ಇಟ್ಟರೆ ಶ್ವಾಸಕೋಶದ ನೀರು ಬಾಯಿಂದ ಇಳಿದುಹೋಗುತ್ತದೆ. ಚಿಪ್ಪಿನ ಎರಡೂ ಅಂಚು ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ 8 ಸೆಂ.ಮೀ.ನಷ್ಟು ಎತ್ತಿ ಇಳಿಸಬೇಕು, ಆಗಾಗ ಬಿಡುವು ಕೊಟ್ಟು. ನೆರಳಿನಲ್ಲಿಟ್ಟು ಒದ್ದೆ ಗೋಣಿ ಹೊದಿಸಬೇಕು, ಮೂಗಿನ ಹೊಳ್ಳೆ ಮಾತ್ರ ಮುಚ್ಚಬಾರದು. ನೀರು ತುಂಬಿದ ತೊಟ್ಟಿಯಲ್ಲಿಡುವುದು ದೊಡ್ಡ ತಪ್ಪು. ನಡುನಡುವೆ ಕಣ್ಣಿನ ರೆಪ್ಪೆಯನ್ನು ಮೆತ್ತಗೆ ಮುಟ್ಟಿ, ಬಾಲವನ್ನು ಚಿವುಟಿ ನೋಡಿದರೆ ಜೀವ ಇದೆಯೇ ಎಂದು ತಿಳಿಯುತ್ತದೆ. ಚೇತರಿಸಲು ನಾಲ್ಕು ಗಂಟೆ ಹಿಡಿಯಬಹುದು, ಒಂದು ಪೂರ್ತಿ ದಿನವೂ ಹಿಡಿಯಬಹುದು. ಚೆನ್ನಾಗಿ ಕೈಕಾಲು ಆಡಿಸತೊಡಗಿದ ಮೇಲೆ, ಎಂಜಿನ್ನನ್ನು ನ್ಯೂಟ್ರಲ್‌ನಲ್ಲಿಟ್ಟು, ಬಲೆ ನೀರಿನಲ್ಲಿಲ್ಲದ ಹೊತ್ತಿನಲ್ಲಿ, ಬೋಟಿನ ಹಿಂಬದಿಯಿಂದ ತಲೆ ಮುಂದಾಗಿ ಇಳಿಸಬೇಕು.

ಬಲೆ ಬಿಟ್ಟರೆ ಬಲೆಯ ತುಂಡುಗಳು. ಹರಿದು ಹೋದ, ಬಿಸಾಡಿದ ಬಲೆಗಳು ಯಾರೂ ಹಿಡಿಯದೆ ತಾವಾಗಿಯೇ ಹಿಡಿಯುತ್ತಲೇ ಇರುವುದರಿಂದ ಅವನ್ನು ಭೂತಬಲೆ ಎನ್ನುತ್ತಾರೆ. ಎಲ್ಲ ಬಲೆಯೂ ತೇಲುವುದಿಲ್ಲ. ನೈಲಾನ್ ನೀರಿಗಿಂತ ಭಾರ, ಮುಳುಗಿ ಬಂಡೆಗೆ ಸುತ್ತಿಕೊಳ್ಳುತ್ತದೆ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ವರ್ಷಗಟ್ಟಲೆ ತೇಲುತ್ತವೆ. ತೇಲುವ ಬಲೆಯ ಅಡಿ ನೆರಳಿದೆ, ಸಣ್ಣ ಮೀನು, ಏಡಿ ಸೇರುತ್ತವೆ, ಅವನ್ನು ತಿನ್ನಲು ರಿಡ್ಲೆ ಬರುತ್ತದೆ. ಮುಂಗಾಲು ಒಮ್ಮೆ ಕಣ್ಣಿಯೊಳಗೆ ಹೋದರೆ ಎಳೆದಷ್ಟೂ ಬಿಗಿ. ಮಾಲ್ದೀವ್ಸ್ ಸುತ್ತ ಭೂತಬಲೆಯಲ್ಲಿ ಸಿಕ್ಕಿಬಿದ್ದು ಸಿಗುವ ಆಮೆಗಳಲ್ಲಿ ರಿಡ್ಲೆಗಳೇ ಹೆಚ್ಚು, ಅವುಗಳಲ್ಲಿ ಅನೇಕಕ್ಕೆ ಕಾಲು ತುಂಡಾಗಿರುತ್ತದೆ. ಬಂದರಿನಲ್ಲಿ ಹಳೆ ಬಲೆಗೆ ತೂಕಕ್ಕೆ ದುಡ್ಡು ಕೊಟ್ಟು ತೆಗೆದುಕೊಳ್ಳುವ ವ್ಯವಸ್ಥೆ ಇದ್ದರೆ ಅದು ಸಮುದ್ರಕ್ಕೆ ಬೀಳುವುದಿಲ್ಲ. ಇದು ನನಗೆ ತೋಚುವ ಅತಿ ಅಗ್ಗದ ಪರಿಹಾರ.

ಪ್ಲಾಸ್ಟಿಕ್ ಚೀಲವನ್ನು ಲೋಳೆಮೀನು ಎಂದು ಭ್ರಮಿಸಿ ಆಮೆ ನುಂಗುತ್ತದೆ ಎಂದು ನೀವು ಓದಿದ್ದೀರಿ. ನುಂಗಿದ್ದನ್ನು ಏಕೆ ಉಗುಳುವುದಿಲ್ಲ ಎಂದು ಕೇಳಿದ್ದೀರಾ? ಕಡಲಾಮೆಯ ಗಂಟಲಿನ ಒಳಗೋಡೆಯ ತುಂಬ ಗಟ್ಟಿ ಮುಳ್ಳುಗಳಿವೆ, ಎಲ್ಲವೂ ಹೊಟ್ಟೆಯ ಕಡೆಗೆ ಬಾಗಿವೆ. ಲೋಳೆಮೀನಿನ ಜೊತೆ ಬಾಯಿಗೆ ಬಂದ ಉಪ್ಪುನೀರನ್ನು ಆಮೆ ಗಂಟಲು ಹಿಂಡಿ ಹೊರಹಾಕುವಾಗ ಆಹಾರ ಜಾರಿ ಹೋಗದಂತೆ ಈ ಮುಳ್ಳುಗಳು ಹಿಡಿಯುತ್ತವೆ. ಬಹಳ ಚೆಂದದ ಏರ್ಪಾಡು. ಆದರೆ ಹಾಲಿನ ಕವರು ಒಳಗೆ ಹೋದರೂ ಅವು ಅದನ್ನು ಬಿಡುವುದಿಲ್ಲ. ಕರುಳು ಕಟ್ಟಿ, ಒಳಗೆ ಅನಿಲ ತುಂಬಿ ಆಮೆ ಮುಳುಗಲಾಗದೆ ತೇಲುತ್ತದೆ. ಮುಳುಗದಿದ್ದರೆ ಮೇವಿಲ್ಲ, ಬೋಟಿಗೆ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಈ ಕವರು ದೋಣಿಯಿಂದಲೇ ಬಿದ್ದಿರಬೇಕೆಂದಿಲ್ಲ. ಘಟ್ಟದ ಮೇಲಿನ ಊರಿನ ಚರಂಡಿಗೆ ಬಿದ್ದದ್ದು ಮೊದಲ ದೊಡ್ಡ ಮಳೆಗೆ ಹೊಳೆ ಸೇರಿ, ಅಳಿವೆ ದಾಟುತ್ತದೆ.

ಇನ್ನು ದಂಡೆಗೆ ಬರೋಣ. ಮಳೆಗಾಲದ ಅಲೆ ಮರಳನ್ನು ಕೊಚ್ಚಿ ನೀರಿನಡಿಯ ದಿಬ್ಬಗಳಲ್ಲಿ ಇಡುತ್ತದೆ, ಮಳೆ ಕಳೆದು ಸಮುದ್ರ ಶಾಂತವಾದಾಗ ಅದೇ ಮರಳು ದಂಡೆಗೆ ಮರಳುತ್ತದೆ. ಹೀಗೆ ಮರಳು ತುಂಬಿಕೊಂಡ ನಂತರದ ತಿಂಗಳುಗಳಲ್ಲೇ ಆಮೆಗಳು ಬರುತ್ತವೆ. ಕಡಲ್ಕೊರೆತ ತಡೆಯಲು ಬಂಡೆಕಲ್ಲಿನ ತಡೆಗೋಡೆ ಹಾಕಿದರೆ ಗೋಡೆಯ ಹಿಂದಿನ ಮನೆ ಉಳಿಯಬಹುದು; ಅಲೆಯ ಹೊಡೆತ ಗೋಡೆಗೆ ಬಡಿದು ಹಿಂದಿರುಗುವಾಗ ಮುಂದಿನ ಮರಳನ್ನು ಒಯ್ಯುತ್ತದೆ, ಗೋಡೆ ಮುಗಿಯುವಲ್ಲಿ ಕೊರೆತ ಜೋರಾಗುತ್ತದೆ. ದಂಡೆ ಹತ್ತಿದ ಆಮೆ ಕಲ್ಲಿಗೆ ತಲೆ ತಾಗಿಸಿ ಮೊಟ್ಟೆ ಇಡದೆ ವಾಪಸಾಗುತ್ತದೆ. ಮನೆ ಕಳೆದುಕೊಳ್ಳುವವರ ಸಂಕಟ ಸಣ್ಣದಲ್ಲ, 2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಆದರೆ ಎಲ್ಲೆಲ್ಲಿ ಗೋಡೆ ಬೇಡವೋ ಅಲ್ಲಿ ಮರಳ ದಿಬ್ಬ ಮತ್ತು ಅದರ ಮೇಲಿನ ಬಳ್ಳಿಗಳನ್ನು ಉಳಿಸಿಕೊಳ್ಳುವುದು ಎರಡೂ ಕಡೆಗೆ ಒಳ್ಳೆಯದು.

ಮರಳಿನ ಬಿಸಿ ಇನ್ನೊಂದು ವಿಷಯ. ಮರಿ ಗಂಡೋ ಹೆಣ್ಣೋ ಎಂಬುದು ಮೊಟ್ಟೆ ಮರಳಲ್ಲಿರುವ ಅವಧಿಯ ನಡುವಿನ ದಿನಗಳಲ್ಲಿ ಅಲ್ಲಿನ ಉಷ್ಣತೆಯಿಂದ ತೀರ್ಮಾನವಾಗುತ್ತದೆ. ಸುಮಾರು 29ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಡು, ಅರ್ಧ ಹೆಣ್ಣು. ಅದಕ್ಕಿಂತ ತಂಪಾದರೆ ಗಂಡು, ಬಿಸಿಯಾದರೆ ಹೆಣ್ಣು. 34-35 ಡಿಗ್ರಿ ದಾಟಿ ಹಾಗೇ ಉಳಿದರೆ ಮೊಟ್ಟೆಯೊಳಗೇ ಸಾವು. ಒಂದೆರಡು ಡಿಗ್ರಿ ಏರಿದರೆ ಏನು ಮಹಾ ಎನ್ನುವವರಿಗೆ ಇದನ್ನು ತೋರಿಸಿ.

ಬೆಳಕಿನ ತೊಂದರೆಗೆ ಪರಿಹಾರ ಬಹಳ ಸುಲಭ. ಮರಿಗಳು ಹೊರಬಂದ ಕೂಡಲೇ ತಗ್ಗಿನಲ್ಲಿ ಅತಿ ಬೆಳಕಾಗಿ ಕಾಣುವ ದಿಗಂತದ ಕಡೆ ನಡೆಯುತ್ತವೆ. ಕತ್ತಲ ರಾತ್ರಿಯಲ್ಲಿ ಅದು ಸಮುದ್ರ. ರೆಸಾರ್ಟಿನ ಬಿಳಿ ಎಲ್‌ಇಡಿ ಉರಿಯುತ್ತಿದ್ದರೆ ಮರಿಗಳು ರಸ್ತೆಯ ಕಡೆ ಹೋಗುತ್ತವೆ. ದೀಪವನ್ನು ತಗ್ಗಿಸಿ, ಸಮುದ್ರದ ಕಡೆ ಮರೆ ಮಾಡಿ, ಬಿಳಿಯ ಬದಲು ಹಳದಿಗೆಂಪು ಬಣ್ಣದ ಬಲ್ಬು ಹಾಕಿದರೆ ಬಹುಪಾಲು ತೊಂದರೆ ನೀಗುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಇಷ್ಟು ಮಾಡಿದರೆ ಸಾಕು.

ಉಪನ್ಯಾಸದ ನಂತರ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ.

ಗೂಡು ಕಂಡರೆ ನಾವು ಏನು ಮಾಡಬೇಕು, ಸರ್?

ಮುಂಜಾನೆ ಹೋದರೆ ಹೆಜ್ಜೆ ಕಾಣುತ್ತದೆ. ರಿಡ್ಲೆಯ ಹೆಜ್ಜೆಯಲ್ಲಿ ಎಡ-ಬಲದ ಗುರುತುಗಳು ಒಂದರ ಹಿಂದೆ ಒಂದು ಬರುತ್ತವೆ. ಎರಡೂ ಬದಿ ಸಮಸಮ ಇದ್ದರೆ ಅದು ಹಸಿರು ಕಡಲಾಮೆ, ನಮ್ಮಲ್ಲಿ ಅಪರೂಪ. ಬಂದ ಹೆಜ್ಜೆ, ಹೋದ ಹೆಜ್ಜೆಗಳ ನಡುವೆ ಕೆದಕಿದ ಮರಳಿದ್ದರೆ ಗೂಡಿರಬಹುದು. ಕೋಲಿನಿಂದ ಚುಚ್ಚಬೇಡಿ, ಅಗೆಯಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಅವರು ಬರುವವರೆಗೆ ನಾಯಿಗಳನ್ನು ದೂರವಿಡಿ. ಉಬ್ಬರದ ನೀರು ಮುಟ್ಟುವಂತಿದ್ದರೆ ಮಾತ್ರ ಮೊಟ್ಟೆಗಳನ್ನು ಸುರಕ್ಷಿತ ಜಾಗಕ್ಕೆ ಒಯ್ಯುತ್ತಾರೆ. ಇಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣ ಸಿಪ್ಪೆಯ ಒಳಬದಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಮೊಟ್ಟೆ ಉರುಳಿದರೆ ಭ್ರೂಣ ಹರಿದು ಸಾಯುತ್ತದೆ. ಹಾಗಾಗಿ ತಡವಾಗಿ ಸಿಕ್ಕ ಗೂಡನ್ನು ಅಲ್ಲೇ ಬಲೆ ಸುತ್ತಿ ಕಾಯುವುದೇ ಸರಿ. ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಹುಲಿಗಿರುವಷ್ಟೇ ರಕ್ಷಣೆ ಇದರ ಮೊಟ್ಟೆಗೂ ಇದೆ.

ಮರಿಗಳನ್ನು ಕೈಯಲ್ಲಿ ಎತ್ತಿ ನೀರಿಗೆ ಬಿಡಬಹುದೇ?

ಬೇಡ. ಮರಳ ಮೇಲೆ ಅವು ತಾವೇ ನಡೆಯಲಿ. ಬೆಳೆದ ಮೇಲೆ ಹೆಣ್ಣಾಮೆಗಳು ತಾವು ಹುಟ್ಟಿದ ಪ್ರದೇಶಕ್ಕೇ ಮೊಟ್ಟೆ ಇಡಲು ಮರಳುವುದುಂಟು, ಆ ಗುರುತು ಈ ಹೊತ್ತಿನಲ್ಲೇ ಮೂಡುತ್ತದೆ ಎಂದು ವಿಜ್ಞಾನಿಗಳು ನಂಬುತ್ತಾರೆ. ಫೋಟೊಕ್ಕಾಗಿ ಬೆಳಿಗ್ಗೆವರೆಗೆ ಬಕೆಟ್ಟಿನಲ್ಲಿ ಇಡುವುದು ಇನ್ನೂ ಕೆಟ್ಟದ್ದು. ದಂಡೆ ದಾಟಿ ಆಳಕ್ಕೆ ಈಜಲು ಬೇಕಾದ ಶಕ್ತಿಯನ್ನು ಮರಿ ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯ ರೂಪದಲ್ಲಿ ತಂದಿರುತ್ತದೆ. ಬಕೆಟ್ಟಿನಲ್ಲಿ ಈಜಿ ಈಜಿ ಅದನ್ನು ಮುಗಿಸಿಬಿಡುತ್ತದೆ. ಮೊಟ್ಟೆ ಕಾದು ಮರಿ ಮಾಡಿಸುವ ಕೇಂದ್ರದವರು ದಿನಾ ಒಂದೇ ಜಾಗದಲ್ಲಿ ಬಿಡಬಾರದು, ತಿನ್ನುವ ಮೀನುಗಳು ಆ ಜಾಗ ಕಲಿತುಕೊಳ್ಳುತ್ತವೆ.

ಹಾಗಾದರೆ ನಾವು ಮೀನು ತಿನ್ನುವುದು ಬಿಡಬೇಕೇ?

ಬಿಡಬೇಕಿಲ್ಲ. ಇಲ್ಲಿ ಕುಳಿತ ಅರ್ಧದಷ್ಟು ಮನೆಗಳ ಅನ್ನ ಮೀನಿನಿಂದ. ಮೀನು ಹೇಗೆ ಹಿಡಿದದ್ದು ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ. ದಡದಿಂದ ಕೈಯಲ್ಲೇ ಎಳೆಯುವ ಕೈರಂಪಣಿ ಬಲೆಯಲ್ಲಿ, ನಾಡದೋಣಿಯಲ್ಲಿ ಬಂದ ಬಂಗುಡೆಗೂ, ನಿಷೇಧವಿದ್ದರೂ ರಾತ್ರಿ ಪ್ರಖರ ದೀಪ ಹಾಕಿ ಬಾಚಿದ ಮೀನಿಗೂ ವ್ಯತ್ಯಾಸ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ ಇರುವುದು ಮೀನು ಮರಿ ಮಾಡಲೆಂದು. ಆ ರಜೆ ಆಮೆಯ ಕಾಲಕ್ಕೆ ಹೊಂದುವುದಿಲ್ಲ. ಒಡಿಶಾದಲ್ಲಿ ಧಾಮ್ರಾ, ದೇವಿ, ಋಷಿಕುಲ್ಯ ಅಳಿವೆಗಳ ಸಮುದ್ರದಲ್ಲಿ ನವೆಂಬರ್ 1ರಿಂದ ಮೇ 31ರವರೆಗೆ 20 ಕಿ.ಮೀ.ವರೆಗೂ ಮೀನು ಹಿಡಿಯುವಂತಿಲ್ಲ. ಅಷ್ಟು ದೊಡ್ಡ ನಿರ್ಬಂಧ ನಮ್ಮಲ್ಲಿ ಬೇಡ. ಗೂಡುಗಳು ಹೆಚ್ಚಿರುವ ಕೆಲವು ಅಳಿವೆಗಳ ಮುಂದೆ, ಮೀನುಗಾರರ ಜೊತೆ ಕೂತು ಮಾತಾಡಿ, ಆ ತಿಂಗಳುಗಳಲ್ಲಿ ಟ್ರಾಲ್ ಎಳೆಯದಂತೆ ಒಪ್ಪಿಸಿದರೆ ಬಹಳಷ್ಟು ಉಳಿಯುತ್ತದೆ. ಹೊನ್ನಾವರದ ಅಪ್ಸರಕೊಂಡ-ಮುಗಳಿ ಸಮುದ್ರ ವನ್ಯಧಾಮ ರಾಜ್ಯದ ಮೊದಲನೆಯದು. ಅದು ಕಾಗದದಿಂದ ನೀರಿಗಿಳಿಯುವುದು ಈ ಮಾತುಕತೆಯಿಂದಲೇ.

ಸತ್ತ ಆಮೆ ದಡಕ್ಕೆ ಬಂದಿದ್ದರೆ?

ಅದಕ್ಕೂ ಕರೆ ಮಾಡಬೇಕು. ಸತ್ತಿದೆಯಲ್ಲ ಎಂದು ಹೂತುಬಿಡುತ್ತಾರೆ, ಮಾಹಿತಿಯೂ ಹೂತುಹೋಗುತ್ತದೆ. ಮುಟ್ಟದೆ ಮೇಲಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು ಫೋಟೊ ತೆಗೆಯಿರಿ, ದಿನಾಂಕ, ಸಮಯ, ಜಾಗ ಬರೆದಿಡಿ. ಬಲೆಯ ದಾರದ ಗುರುತು, ಚಿಪ್ಪು ಸೀಳಿದ ಗಾಯ, ಮುಂಗಾಲಿನಲ್ಲಿ ಬಿಲ್ಲೆ ಇದೆಯೇ ನೋಡಿ. ಮೈಮೇಲೆ ಗಾಯವೇ ಇಲ್ಲದೆ ಕೊಬ್ಬಿ ಬೆಳೆದ ಆಮೆ ಸತ್ತಿದ್ದರೆ ಬಲೆಯಲ್ಲಿ ಉಸಿರುಗಟ್ಟಿರುವ ಅನುಮಾನ ಹೆಚ್ಚು. ಬಾಲ ಚಿಪ್ಪಿನಿಂದಾಚೆ ಉದ್ದವಾಗಿ ಚಾಚಿದ್ದರೆ ಗಂಡು. ಇಲಾಖೆಯವರು ಬಂದಾಗ ದರ್ಜಿಯ ಟೇಪಿನಿಂದ ಕತ್ತಿನ ಹಿಂದಿನ ಅಂಚಿನಿಂದ ಬಾಲದ ಮೇಲಿನ ಅಂಚಿನವರೆಗೆ, ಚಿಪ್ಪಿನ ಉಬ್ಬಿನ ಮೇಲೆಯೇ ಹಾಯಿಸಿ ಅಳತೆ ತೆಗೆಯಲು ಕೇಳಿ. 60 ಸೆಂ.ಮೀ. ದಾಟಿದ್ದರೆ ಅದು ಮೊಟ್ಟೆ ಇಡುವ ವಯಸ್ಸಿಗೆ ಬಂದ ಆಮೆ ಇರಬಹುದು. ನಿಮ್ಮ ಶಾಲೆಯಲ್ಲಿ ಒಂದು ನೋಟುಪುಸ್ತಕ ಇಟ್ಟು ಪ್ರತಿ ವರ್ಷ ಹೀಗೆ ಬರೆಯುತ್ತ ಬಂದರೆ, ಯಾವ ತಿಂಗಳು, ಯಾವ ಅಳಿವೆಯ ಪಕ್ಕ ದೊಡ್ಡ ಆಮೆಗಳು ಹೆಚ್ಚು ಸಾಯುತ್ತಿವೆ ಎಂದು ಹೇಳಲು ನಿಮ್ಮ ಹತ್ತಿರ ಅಂಕಿ ಇರುತ್ತದೆ. ಬಂದರಿನಲ್ಲಿ ಸಭೆ ಸೇರಿದಾಗ ಆ ಪುಸ್ತಕವನ್ನು ಮೇಜಿನ ಮೇಲೆ ಇಡಿ.